ಪಕ್ ಇಲ್ಲದಾಗ ನೋಡಿದ್ಯಾ ಮಾರಾಯ?

ನಿನ್ನೆ ರಾತ್ರಿ ಐಸ್ ಹಾಕಿ ರಿಂಕ್‌ನಿಂದ ಮನೆಗೆ ಬಂದವನು ಇನ್ನೂ ತಣ್ಣಗಾಗಿಲ್ಲ. ಹೊರಗೆ ಮೈನಸ್ 14 ಇತ್ತು, ಆದರೂ ತಣ್ಣಗಾಗಿಲ್ಲ. ಸೋತಿದ್ದಕ್ಕೆ ಅಲ್ಲ, ನಮ್ಮ ಜೂನಿಯರ್ ತಂಡ ಸೋಲುವುದು ನನಗೆ ಅಭ್ಯಾಸವಾಗಿದೆ. ಸಿಟ್ಟು ಬಂದಿದ್ದು ಪಕ್ಕದ ಸೀಟಿನಲ್ಲಿ ಕೂತಿದ್ದ ನನ್ನ ಗೆಳೆಯನ ಮೇಲೆ. ಇದನ್ನು ಅವನು ಓದುತ್ತಾನೆ. ಓದಲಿ.

ಎರಡನೇ ಪೀರಿಯಡ್ ಮುಗಿಯಲು ನಾಲ್ಕೈದು ನಿಮಿಷ ಇತ್ತು. ನಮ್ಮ ತಂಡದಲ್ಲಿ ಹದಿನೇಳು ವರ್ಷದ ಸೆಂಟರ್ ಒಬ್ಬ ಇದ್ದಾನೆ, ಸಪೂರ ಹುಡುಗ, ಈ ಸಲ ಎನ್‌ಎಚ್‌ಎಲ್ ಡ್ರಾಫ್ಟಿಗೆ ಬರುವವನು, ಅಂದರೆ ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್‌ನ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಆಯ್ಕೆಗೆ. ಗೆಳೆಯ ಫೋನಿನಲ್ಲಿ ಅವನ ಅಂಕಿಅಂಶ ತೆಗೆದ (ಗೋಲು ಹೊಡೆದರೂ, ಗೋಲಿಗೆ ಪಾಸ್ ಕೊಟ್ಟರೂ ಒಂದು ಪಾಯಿಂಟ್). "ಗುರು, ಪಂದ್ಯಕ್ಕೆ ಸರಾಸರಿ ಒಂದು ಪಾಯಿಂಟೂ ಇಲ್ಲ ಇವನದ್ದು. ಎತ್ತರ ಐದು ಒಂಬತ್ತು. ಇವನ ಕಥೆ ಮುಗೀತು ಬಿಡು. ಬೆಳೆಯುವ ಸಿರಿ ಮೊಳಕೆಯಲ್ಲೇ ಗೊತ್ತಾಗುತ್ತೆ" ಎಂದ. ಫೋನಿನಿಂದ ತಲೆ ಎತ್ತದೆ ಎಂದ.

ಅದೇ ಹೊತ್ತಿಗೆ ಆ ಹುಡುಗ ಏನು ಮಾಡುತ್ತಿದ್ದ ಗೊತ್ತಾ? ಎದುರಾಳಿಗಳ ಮೂಲೆಗೆ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಹೋಗಿತ್ತು. ಅದರ ಹಿಂದೆ ಹೋಗುತ್ತಾ ಎಡ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಿದ. ಇನ್ನೆರಡು ಹೆಜ್ಜೆಗೆ ಬಲ ಹೆಗಲ ಮೇಲಿಂದ ಇನ್ನೊಮ್ಮೆ. ಪಕ್ ಇನ್ನೂ ಅವನ ಸ್ಟಿಕ್ಕಿಗೆ ಬಂದೇ ಇಲ್ಲ, ಅಷ್ಟರಲ್ಲಿ ಎಡಗಡೆಯಿಂದ ತನಗಿಂತ ಒಂದೂವರೆ ಪಟ್ಟು ದಪ್ಪದ ಡಿಫೆನ್ಸ್‌ಮನ್ ಬರುತ್ತಿರುವುದೂ, ನೆಟ್ ಮುಂದೆ ತನ್ನ ವಿಂಗರ್ ಒಬ್ಬನೇ ನಿಂತಿರುವುದೂ ಅವನಿಗೆ ಗೊತ್ತಾಗಿಹೋಗಿತ್ತು. ಪಕ್ ಹಿಡಿಯಲೇ ಇಲ್ಲ. ಬ್ಯಾಕ್‌ಹ್ಯಾಂಡಿನಲ್ಲಿ ಸುಮ್ನೆ ಒಂದು ತಟ್ಟು. ಆಮೇಲೆ ಅವನು ರಿಂಕ್ ಸುತ್ತಲಿನ ಬೋರ್ಡಿಗೆ ಅಪ್ಪಳಿಸಿದ ಸದ್ದು ನಮ್ಮ ಸಾಲಿನವರೆಗೂ ಕೇಳಿತು. ವಿಂಗರ್ ಹೊಡೆದ ಹೊಡೆತ ನೆಟ್ ಮೇಲೆ ಹಾರಿ ಗಾಜಿಗೆ ಬಡಿಯಿತು. ಎದುರಾಳಿಗಳು ಪಕ್ ಎತ್ತಿಕೊಂಡು ಈ ಕಡೆ ನುಗ್ಗಿದರು. ಬಿದ್ದ ಹುಡುಗ ಎದ್ದು, ಇಡೀ ರಿಂಕ್ ದಾಟಿ ಅಟ್ಟಿಸಿಕೊಂಡು ಬಂದು, ನಮ್ಮ ಗೋಲಿನ ದೂರದ ಕಂಬದ ಹತ್ತಿರ ಪಾಸಿಗೆ ಕಾಯುತ್ತಿದ್ದವನ ಸ್ಟಿಕ್ ಕೆಳಗೆ ತನ್ನ ಸ್ಟಿಕ್ ತೂರಿಸಿ ಎತ್ತಿದ. ಪಾಸ್ ಬಂತು, ಯಾರಿಗೂ ಸಿಗದೆ ಹೋಯಿತು.

ಪಾಯಿಂಟ್ ಎಷ್ಟು? ಸೊನ್ನೆ. ಶಾಟ್? ಸೊನ್ನೆ. ಸ್ಕೋರ್‌ಶೀಟ್ ಪ್ರಕಾರ ಆ ಮೂವತ್ತು ನಲವತ್ತು ಸೆಕೆಂಡ್ ಆ ಹುಡುಗ ಐಸ್ ಮೇಲೆ ಇರಲೇ ಇಲ್ಲ.

"ನೋಡಿದ್ಯಾ?" ಅಂದೆ.

"ಏನು?" ಅಂದ.

ಇದೇ ನನ್ನ ತಕರಾರು. ಒಬ್ಬ ಹುಡುಗ ವೃತ್ತಿಪರ ಆಟಗಾರ ಆಗುತ್ತಾನೋ ಇಲ್ಲವೋ ಎಂದು ತೀರ್ಪು ಕೊಡುವವರೆಲ್ಲ ನೋಡುವುದು ಪಕ್ ಎಲ್ಲಿದೆ ಅಂತ. 60 ನಿಮಿಷದ ಆಟದಲ್ಲಿ ಎಷ್ಟೇ ಒಳ್ಳೆಯ ಆಟಗಾರನಾದರೂ ಪಕ್ ಅವನ ಸ್ಟಿಕ್ಕಿನಲ್ಲಿ ಇರುವುದು ಒಂದೆರಡು ನಿಮಿಷ ಇರಬಹುದು, ಅಷ್ಟೇ. ಉಳಿದ ಹೊತ್ತೆಲ್ಲ ಅವನು ಏನು ಮಾಡುತ್ತಾನೆ? ಎಲ್ಲಿ ನಿಲ್ಲುತ್ತಾನೆ? ತಲೆ ತಿರುಗಿಸುತ್ತಾನಾ? ಇದನ್ನು ನೋಡದವರು ಐಸ್ ಹಾಕಿ ನೋಡಲು ಬರುವುದೇ ಬೇಡ, ಮನೆಯಲ್ಲಿ ಕೂತು ಆ್ಯಪ್ ನೋಡಲಿ. ಟಿಕೆಟ್ ದುಡ್ಡಾದರೂ ಉಳಿಯುತ್ತದೆ.

ಮೂರನೇ ಪೀರಿಯಡ್‌ನಲ್ಲಿ ನಮ್ಮದೇ ತಂಡದ ಇನ್ನೊಬ್ಬ ಪವರ್ ಪ್ಲೇಯಲ್ಲಿ ಎರಡು ಗೋಲು ಹೊಡೆದ. ಗೆಳೆಯ ಎದ್ದು ಕುಣಿದ. "ಇವನು ನೋಡು ಗುರು, ಇವನು ಹೋಗ್ತಾನೆ!" ಅಯ್ಯಾ, ಅವನಿಗೆ ಇಪ್ಪತ್ತು ವರ್ಷ. ನಮ್ಮ ತಂಡ ಆಡುವ ಒಂಟಾರಿಯೊ ಹಾಕಿ ಲೀಗ್‌ನಲ್ಲಿ ಹದಿನಾರರಿಂದ ಇಪ್ಪತ್ತರವರೆಗಿನ ಹುಡುಗರು ಒಟ್ಟಿಗೆ ಆಡುತ್ತಾರೆ. ಇಪ್ಪತ್ತರವನು ಹದಿನೇಳರ ಮಕ್ಕಳ ಮೇಲೆ, ಅದೂ ಎದುರಾಳಿ ಕಡೆ ಒಬ್ಬ ಕಡಿಮೆ ಇದ್ದಾಗ, ಗೋಲು ಹೊಡೆದರೆ ಅದು ಯಾವ ದೊಡ್ಡ ಸಾಹಸ? ಎಷ್ಟು ಪಾಯಿಂಟ್ ಅಂತ ಕೇಳುವವರು ಯಾರ ಜೊತೆ, ಯಾರ ವಿರುದ್ಧ, ಯಾವ ವಯಸ್ಸಿಗೆ ಅಂತಲೂ ಕೇಳಬೇಕಲ್ವಾ?

ಪಾಯಿಂಟ್ ನೋಡಿಯೇ ಹೇಳುವುದಾದರೆ ನೈಲ್ ಯಾಕುಪೊವ್ ಈಗ ದೊಡ್ಡ ಸ್ಟಾರ್ ಆಗಿರಬೇಕಿತ್ತು. ಇದೇ ಲೀಗ್‌ನಲ್ಲಿ, ಸಾರ್ನಿಯಾ ತಂಡದಲ್ಲಿ, ಬಂದ ಮೊದಲ ವರ್ಷವೇ 101 ಪಾಯಿಂಟ್. 2012ರಲ್ಲಿ ಎಡ್ಮಂಟನ್ ತಂಡ ಇಡೀ ಡ್ರಾಫ್ಟಿನಲ್ಲಿ ಮೊದಲನೆಯವನಾಗಿ ಆರಿಸಿತು. 2018ರ ಹೊತ್ತಿಗೆ ಎನ್‌ಎಚ್‌ಎಲ್ ಬಿಟ್ಟು ಹೋಗಿಯೇ ಆಗಿತ್ತು. ಹೊಡೆತ ಇತ್ತು, ವೇಗ ಇತ್ತು. ಪಕ್ ಇಲ್ಲದಾಗ ಎಲ್ಲಿರಬೇಕು ಅನ್ನುವುದೇ ಅವನಿಗೆ ಕೊನೆಯವರೆಗೂ ತಲೆನೋವಾಗಿತ್ತು.

ಇನ್ನು ಐದು ಒಂಬತ್ತು. ಎತ್ತರದ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ (ನನ್ನ ಎತ್ತರ ಗೊತ್ತಿರುವವರು ನಗಬೇಡಿ). ಮಾರ್ಟಿನ್ ಸೇಂಟ್ ಲೂಯಿ ಐದು ಎಂಟು. ಅವನನ್ನು ಯಾವ ತಂಡವೂ ಡ್ರಾಫ್ಟ್ ಮಾಡಲೇ ಇಲ್ಲ. 2004ರಲ್ಲಿ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದ, ಅದೇ ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು ಪಾಯಿಂಟ್, 2018ರಲ್ಲಿ ಹಾಲ್ ಆಫ್ ಫೇಮ್. ಮೂರ್ತಿ ಚಿಕ್ಕದಾದರೂ ಅಂತ ನಮ್ಮವರು ಹೇಳಿದ್ದು ಇಂಥವರನ್ನು ನೋಡಿಯೇ ಇರಬೇಕು. ತಮಾಷೆ ಏನೆಂದರೆ, 2022ರಲ್ಲಿ ಲೇನ್ ಹಟ್ಸನ್ ಎಂಬ ಸಣ್ಣ ಗಾತ್ರದ ಡಿಫೆನ್ಸ್‌ಮನ್‌ನನ್ನು ತಂಡಗಳೆಲ್ಲ ಬಿಟ್ಟು ಬಿಟ್ಟು, ಕೊನೆಗೆ 62ನೆಯವನಾಗಿ ಮಾಂಟ್ರಿಯಲ್ ತೆಗೆದುಕೊಂಡಿತು. 2024-25ರಲ್ಲಿ 66 ಪಾಯಿಂಟ್ ಮಾಡಿ ಆ ವರ್ಷದ ಅತ್ಯುತ್ತಮ ಹೊಸಬ ಅನ್ನಿಸಿಕೊಂಡ. ಆಗ ಅವನ ಕೋಚ್ ಯಾರು? ಅದೇ ಸೇಂಟ್ ಲೂಯಿ!

ಅಲೆಕ್ಸ್ ಡೆಬ್ರಿಂಕ್ಯಾಟ್ ಕಥೆಯಂತೂ ಇನ್ನೂ ಚೆನ್ನಾಗಿದೆ. ನಮ್ಮದೇ ಲೀಗ್‌ನ ಈರಿ ತಂಡದಲ್ಲಿ ಮೊದಲ ವರ್ಷ 51 ಗೋಲು ಹೊಡೆದಾಗ, ಪಕ್ಕದಲ್ಲಿ ಕಾನರ್ ಮ್ಯಾಕ್‌ಡೇವಿಡ್ ಇದ್ದಾನೆ, ಯಾರು ಬೇಕಾದರೂ ಹೊಡೀತಾರೆ ಅಂದರು. ಸರಿ, ಒಪ್ಪಿದೆ, ಕೇಳಬೇಕಾದ ಪ್ರಶ್ನೆಯೇ ಅದು. ಮರುವರ್ಷ ಮ್ಯಾಕ್‌ಡೇವಿಡ್ ಎಡ್ಮಂಟನ್‌ಗೆ ಹೋದ. ಹುಡುಗ ಮತ್ತೆ 51 ಹೊಡೆದ. ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ? ಇಲ್ಲ, ಆಗ ಹೊಸ ತಕರಾರು, ಕುಳ್ಳ. 2016ರ ಡ್ರಾಫ್ಟಿನಲ್ಲಿ 39ನೆಯವನಾಗಿ ಹೋದ. ಎನ್‌ಎಚ್‌ಎಲ್‌ನಲ್ಲಿ ಎರಡನೇ ವರ್ಷವೇ 41 ಗೋಲು.

ಈಗ ಇನ್ನೊಂದು ವಿಷಯ, ಯಾರೂ ಗಮನಿಸದೇ ಇರುವುದು. ಹುಟ್ಟಿದ ತಾರೀಕು. ಸೆಪ್ಟೆಂಬರ್ 15ಕ್ಕೆ ಹದಿನೆಂಟು ತುಂಬಿದವರು ಆ ವರ್ಷದ ಡ್ರಾಫ್ಟಿಗೆ, 16ಕ್ಕೆ ತುಂಬುವವರು ಮುಂದಿನ ವರ್ಷಕ್ಕೆ. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17. ಎರಡೇ ಎರಡು ದಿನಕ್ಕೆ 2015ರ ಡ್ರಾಫ್ಟ್ ತಪ್ಪಿತು. ಆ ಒಂದು ವರ್ಷ ಸ್ವಿಟ್ಜರ್ಲೆಂಡ್‌ಗೆ ಹೋಗಿ ದೊಡ್ಡವರ ಜೊತೆ ಆಡಿ, 2016ರಲ್ಲಿ ಮೊದಲನೆಯವನಾಗಿ ಟೊರೊಂಟೊಗೆ ಬಂದ. ಅಂದರೆ ಒಂದೇ ಡ್ರಾಫ್ಟಿನಲ್ಲಿ ಇರುವ ಇಬ್ಬರು ಹುಡುಗರ ನಡುವೆ ಸುಮಾರು ಒಂದು ವರ್ಷದ ಅಂತರ ಇರಬಹುದು. ಹದಿನೇಳನೇ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಎಷ್ಟು ಅಂತ ಹದಿನೇಳರ ಮಗ ಇರುವ ಯಾರನ್ನಾದರೂ ಕೇಳಿ. ನಮ್ಮ ಸಪೂರ ಹುಡುಗ ಹುಟ್ಟಿದ್ದು ಆಗಸ್ಟ್ ಕೊನೆಗೆ. ಗೆಳೆಯನ ಆ್ಯಪ್‌ನಲ್ಲಿ ಅದೂ ಇತ್ತು. ನೋಡಬೇಕಲ್ಲ.

ಕೆನಡಾದಲ್ಲಿ ಚಿಕ್ಕ ಮಕ್ಕಳ ಹಾಕಿಯಲ್ಲಿ ವಯಸ್ಸಿನ ಗೆರೆ ಜನವರಿ 1. ಒಳ್ಳೆಯ ತಂಡಗಳಿಗೆ ಸೇರುವವರಲ್ಲಿ ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ಹುಟ್ಟಿದವರೇ ಜಾಸ್ತಿ ಎಂದು ರೋಜರ್ ಬಾರ್ನ್ಸ್ಲಿ ಎಂಬ ಮನಃಶಾಸ್ತ್ರಜ್ಞ 1980ರ ದಶಕದಲ್ಲೇ ತೋರಿಸಿದ್ದರು. ಡಿಸೆಂಬರ್‌ನಲ್ಲಿ ಹುಟ್ಟಿದ ಮಗುವಿಗಿಂತ ಒಂಬತ್ತರಿಂದ ಹನ್ನೊಂದು ತಿಂಗಳು ಜಾಸ್ತಿ ಬೆಳೆದಿರುತ್ತಾರೆ, ಅಷ್ಟೇ ಕಾರಣ. ಆ ಬೆಳವಣಿಗೆಯನ್ನೇ ಪ್ರತಿಭೆ ಅಂದುಕೊಂಡು ಅವರಿಗೆ ಒಳ್ಳೆಯ ಕೋಚ್, ಜಾಸ್ತಿ ಐಸ್ ಟೈಮ್. ಆಮೇಲೆ ಅವರು ನಿಜಕ್ಕೂ ಮುಂದೆ ಹೋಗುತ್ತಾರೆ. ಆಗ ನಾವು, ನೋಡಿ, ಮೊಳಕೆಯಲ್ಲೇ ಹೇಳಿದ್ದೆವು!

ಇಲ್ಲಿ ಒಂದು ತಪ್ಪೊಪ್ಪಿಗೆ. ನನ್ನ ಜೆರ್ಸಿ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಆರು ವರ್ಷದ ಹಿಂದೆ ಇದೇ ತಂಡದಲ್ಲಿ ಹದಿನಾರು ವರ್ಷದ ಹುಡುಗ ಒಬ್ಬ ಇದ್ದ. ಆರಡಿ ಮೂರಿಂಚು, ಜನವರಿಯಲ್ಲಿ ಹುಟ್ಟಿದವನು. ಅವನು ಆಗಲೇ ಗಡ್ಡ ಬೋಳಿಸಿಕೊಂಡು ಬರುತ್ತಿದ್ದ, ಎದುರಿಗೆ ಆಡುವವರಿಗೆ ಮೀಸೆಯೂ ಚಿಗುರಿರಲಿಲ್ಲ. ಮೂಲೆಗೆ ಹೋದರೆ ಎಲ್ಲರನ್ನೂ ಭುಜದಲ್ಲೇ ತಳ್ಳಿ ಪಕ್ ತರುತ್ತಿದ್ದ. ನಾನು ಇದೇ ಆನ್‌ಲೈನ್ ಗೋಡೆಯ ಮೇಲೆ ಉದ್ದಕ್ಕೆ ಬರೆದೆ, ಇವನು ಮೊದಲ ಸುತ್ತಿನಲ್ಲೇ ಹೋಗುತ್ತಾನೆ ಅಂತ. ಬರೆದು ಸುಮ್ಮನಿರಲಿಲ್ಲ, ಅವನ ಹೆಸರು ಹಾಕಿಸಿ ಜೆರ್ಸಿ ಕೊಂಡೆ. ಕೂಸು ಹುಟ್ಟುವ ಮುಂಚೆ ಕುಲಾವಿ. ಹತ್ತೊಂಬತ್ತಕ್ಕೆ ಉಳಿದವರೂ ಬೆಳೆದರು, ಇವನು ಅಲ್ಲೇ ಇದ್ದ. ತಳ್ಳಿಯೇ ಗೆಲ್ಲುತ್ತಿದ್ದವನಿಗೆ ಬೇರೆ ದಾರಿ ಹುಡುಕುವ ಅಗತ್ಯವೇ ಅಲ್ಲಿಯವರೆಗೆ ಬಂದಿರಲಿಲ್ಲ. ಅವನು ಒಮ್ಮೆಯಾದರೂ ಹೆಗಲ ಮೇಲಿಂದ ಹಿಂದೆ ನೋಡಿದ್ದನಾ ಅಂತ ಈಗ ಯೋಚಿಸುತ್ತೇನೆ. ನೆನಪಿಲ್ಲ. ಯಾಕೆಂದರೆ ನಾನೂ ಪಕ್ ನೋಡುತ್ತಿದ್ದೆ. ಆ ಜೆರ್ಸಿ ಈಗ ಹಿಮ ತೆಗೆಯುವಾಗ ಹಾಕಿಕೊಳ್ಳುತ್ತೇನೆ. ಬೆಚ್ಚಗಿದೆ.

ಇಷ್ಟು ಹೇಳಿದ ಮೇಲೆ ಯಾರಾದರೂ ಕೇಳೇ ಕೇಳುತ್ತೀರಿ. ತಂಡದವರಿಗೆ ಬೇರೆ ದಾರಿ ಏನಿದೆ? 32 ತಂಡ, 7 ಸುತ್ತು, 224 ಹೆಸರು, ಯಾರನ್ನಾದರೂ ಆರಿಸಲೇಬೇಕು, ಹದಿನೆಂಟಕ್ಕೇ ಆರಿಸಬೇಕು. ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ವರ್ಷವಿಡೀ ಊರೂರು ಸುತ್ತಿ ನೋಡಿಯೇ ಹೇಳುವುದು. ಕ್ರಾಸ್ಬಿ, ಮ್ಯಾಕ್‌ಡೇವಿಡ್‌ನಂಥ ದೊಡ್ಡ ಸ್ಟಾರ್‌ಗಳ ವಿಷಯದಲ್ಲಿ ಹೇಳಿದ್ದು ಸರಿಯಾಗಲಿಲ್ಲವಾ? ಆಯಿತಪ್ಪಾ. ಮ್ಯಾಕ್‌ಡೇವಿಡ್‌ನನ್ನು ಗುರುತಿಸಲು ಸ್ಕೌಟ್ ಯಾಕೆ ಬೇಕು, ಐಸ್ ಹಸನು ಮಾಡುವ ಗಾಡಿ ಓಡಿಸುವವನೂ ಹೇಳುತ್ತಿದ್ದ. ಮಾತು ಇರುವುದು ಅಂಥ ಒಬ್ಬಿಬ್ಬರ ಬಗ್ಗೆ ಅಲ್ಲ, ಅವರ ಕೆಳಗಿನ ಇನ್ನೂರು ಮಕ್ಕಳ ಬಗ್ಗೆ. ಪಾವೆಲ್ ಡಟ್ಸ್ಯೂಕ್ ಎರಡು ಡ್ರಾಫ್ಟಿನಲ್ಲಿ ಯಾರಿಗೂ ಬೇಡವಾಗಿ, 1998ರಲ್ಲಿ 171ನೆಯವನಾಗಿ ಡೆಟ್ರಾಯಿಟ್‌ಗೆ ಸಿಕ್ಕಿದ. ಅವರ ಸ್ಕೌಟ್ ಹೊಕಾನ್ ಆಂಡರ್ಸನ್ ರಷ್ಯಾಕ್ಕೆ ಹೋಗಿದ್ದೇ ಬೇರೊಬ್ಬ ಹುಡುಗನನ್ನು ನೋಡಲು. ಕಣ್ಣಿಗೆ ಬಿದ್ದವನು ಇವನು. ಮರುವರ್ಷ ಹೆನ್ರಿಕ್ ಜೆಟ್ಟರ್‌ಬರ್ಗ್, 210ನೆಯವನಾಗಿ. ಆ ಇಬ್ಬರೂ ಸೇರಿ 2008ರಲ್ಲಿ ಕಪ್ ಎತ್ತಿದರು. ಡಟ್ಸ್ಯೂಕ್‌ಗಂತೂ ರಕ್ಷಣೆಯಲ್ಲಿ ಅತ್ಯುತ್ತಮ ಫಾರ್ವರ್ಡ್ ಎಂಬ ಪ್ರಶಸ್ತಿ ಸಾಲಾಗಿ ಮೂರು ವರ್ಷ. ರಕ್ಷಣೆಗೆ! ಅಂದರೆ ಪಕ್ ಇಲ್ಲದಾಗ ಮಾಡುವ ಕೆಲಸಕ್ಕೆ!

ಸ್ಯಾಮ್ ಬೆನೆಟ್‌ನನ್ನು ಮರೆತರೆ ಹೇಗೆ. 2014ರಲ್ಲಿ ಡ್ರಾಫ್ಟಿಗೆ ಮುಂಚಿನ ದೈಹಿಕ ಪರೀಕ್ಷೆಯಲ್ಲಿ ಕಂಬಿ ಹಿಡಿದು ಒಂದೇ ಒಂದು ಪುಲ್‌ಅಪ್ ಮಾಡಲು ಆಗಲಿಲ್ಲ. ಅದನ್ನು ಹಿಡಿದು ಜನ ಆಡಿದ ಮಾತೇ ಮಾತು. 2025ರಲ್ಲಿ ಫ್ಲೋರಿಡಾ ಪರ ಪ್ಲೇಆಫ್‌ನಲ್ಲಿ 15 ಗೋಲು ಹೊಡೆದು, ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ. ನೆಟ್ ಮುಂದೆ ನಿಂತು ಏಟು ತಿನ್ನಲು ಪುಲ್‌ಅಪ್ ಬೇಕಾಗುವುದಿಲ್ಲ ಅಂತ ಕಾಣುತ್ತದೆ. ನಡುವೆ ಹನ್ನೊಂದು ವರ್ಷ ಆಗಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ, ಆ ಹನ್ನೊಂದು ವರ್ಷದಲ್ಲಿ ಅವನನ್ನು ದಂಡ ಎಂದವರಲ್ಲಿ ನಾನೂ ಒಬ್ಬ.

ಪಾರ್ಕಿಂಗ್‌ನಲ್ಲಿ ಗಾಜಿನ ಮೇಲಿನ ಹಿಮ ಕೆರೆಯುತ್ತಿರುವಾಗ ಗೆಳೆಯ ಕೇಳಿದ. "ಅಷ್ಟೆಲ್ಲ ಹೇಳ್ತೀಯಲ್ಲ, ನಿನ್ನ ಹುಡುಗ ಎನ್‌ಎಚ್‌ಎಲ್ ಆಡ್ತಾನೋ ಇಲ್ವೋ? ಒಂದೇ ಮಾತಲ್ಲಿ ಹೇಳು ಗುರು."

ಒಂದೇ ಮಾತಲ್ಲಿ ಆಗಲ್ಲ ಕಣೋ ಅಂದೆ. ಅವನ ಮೊದಲ ಮೂರು ಹೆಜ್ಜೆ ನಿಧಾನ. ನಿಂತಲ್ಲಿಂದ ಹೊರಡುವಾಗ ಮಂಡಿ ಸಾಕಷ್ಟು ಬಗ್ಗುವುದಿಲ್ಲ, ತಳ್ಳಿದ ಕಾಲು ಹಿಂದೆ ಎಳೆದುಕೊಂಡು ಬರುತ್ತದೆ. ಇದು ತಿದ್ದಬಹುದಾದದ್ದು. ಬ್ರೇಡನ್ ಪಾಯಿಂಟ್ ಎಂಬ ಆಟಗಾರನಿಗೂ ಸ್ಕೇಟಿಂಗ್ ಸಾಲದು ಅಂತ ಡ್ರಾಫ್ಟಿನಲ್ಲಿ 79ರವರೆಗೆ ಬಿಟ್ಟಿದ್ದರು. ಟ್ಯಾಂಪಾದವರು ಫಿಗರ್ ಸ್ಕೇಟಿಂಗ್‌ನ ಮಾಜಿ ವಿಶ್ವ ಚಾಂಪಿಯನ್ ಬಾರ್ಬರಾ ಅಂಡರ್‌ಹಿಲ್ ಹತ್ತಿರ ಕಲಿಸಿದರು, 2022-23ರಲ್ಲಿ 51 ಗೋಲು ಹೊಡೆದ. ಕಾಲು ತಿದ್ದಬಹುದು. ಹೆಗಲ ಮೇಲಿಂದ ಎರಡು ಸಲ ನೋಡುವುದನ್ನು ಹದಿನೆಂಟಾದ ಮೇಲೆ ಕಲಿತವರನ್ನು ನಾನು ಹೆಚ್ಚು ಕಂಡಿಲ್ಲ. ಐದನೇ ಸುತ್ತಿನಲ್ಲಿ ಯಾರಾದರೂ ತೆಗೆದುಕೊಳ್ಳಬಹುದು. ನಾಲ್ಕೈದು ವರ್ಷ ಬೇಕು, ಅದರಲ್ಲಿ ಎರಡು, ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಅಮೆರಿಕನ್ ಹಾಕಿ ಲೀಗ್‌ನ ಬಸ್ಸಿನಲ್ಲೇ ಕಳೆಯುತ್ತವೆ. ಆಮೇಲೆ ಮೂರನೇ ಲೈನಿನ ಸೆಂಟರ್, ಪೆನಾಲ್ಟಿ ಕಿಲ್‌ಗೆ (ತನ್ನ ತಂಡದಲ್ಲಿ ಒಬ್ಬ ಕಡಿಮೆ ಇದ್ದಾಗ ಗೋಲು ತಡೆಯಲು) ಮೊದಲು ಇಳಿಯುವವನು. ಯಾರೂ ಪೋಸ್ಟರ್ ಅಂಟಿಸದ, ಕೋಚ್ ಮಾತ್ರ ಬಿಟ್ಟುಕೊಡದ ಆಟಗಾರ.

"ಮತ್ತೆ ನೀನೂ ಹೇಳಿಬಿಟ್ಟೆಯಲ್ಲ ಭವಿಷ್ಯ" ಅಂತ ನಕ್ಕ.

ಹೌದು, ಹೇಳಿಬಿಟ್ಟೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಜೆರ್ಸಿ ಮಾತ್ರ ಈ ಸಲ ಕೊಳ್ಳಲ್ಲ.