‘ಇನ್ನೊಮ್ಮೆ ರನ್ ಮಾಡಿ, ಸರಿಹೋಗುತ್ತದೆ’

ಈ ಮಾತು ಕೇಳಿದರೆ ಈಗೀಗ ನನಗೆ ಮೈ ಉರಿಯುತ್ತದೆ. ನಿಜವಾಗಿಯೂ ಸರಿಹೋಗಿಬಿಡುತ್ತದೆ, ಸಿಟ್ಟು ಬರುವುದು ಅದಕ್ಕೇ.

ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯ ಮಹಡಿಯಲ್ಲಿ ಕುಳಿತು ಬೆಂಗಳೂರಿನ ಕಂಪನಿಯೊಂದಕ್ಕೆ ದುಡಿಯುತ್ತೇನೆ. ಹತ್ತಾರು ಡೇಟಾಬೇಸುಗಳ ಮಾಹಿತಿಯನ್ನು ರಾತ್ರಿ ಒಂದೆಡೆ ಸೇರಿಸುವ ಇನ್ಫರ್ಮ್ಯಾಟಿಕಾ ಪವರ್‌ಸೆಂಟರ್ ನನ್ನ ಪಾಲಿಗೆ ಬಂದಿದೆ. ನಾಲ್ಕು ಸರ್ವರುಗಳು ಒಂದಾಗಿ ದುಡಿಯುವ ಗ್ರಿಡ್, ಅದರ ಒಂದೊಂದು ಸರ್ವರೂ ಒಂದೊಂದು ನೋಡ್. ಯಾವ ಕೆಲಸ ಯಾವ ನೋಡ್‌ಗೆ ಹೋಗಬೇಕೆಂಬುದನ್ನು ಲೋಡ್ ಬ್ಯಾಲೆನ್ಸರ್ ನಿರ್ಧರಿಸುತ್ತದೆ.

ಮೇ ತಿಂಗಳ ಒಂದು ಬೆಳಿಗ್ಗೆ ವರದಿ ತೆರೆದರೆ, ವಿಳಾಸದಲ್ಲಿ ‘ಕಲಬುರಗಿ’ ಇರಬೇಕಾದಲ್ಲಿ ಏಳು ಪ್ರಶ್ನಾರ್ಥಕ ಚಿಹ್ನೆಗಳು. ಮತ್ತೆ ಓಡಿಸಿದೆವು, ಊರು ವಾಪಸು ಬಂತು. ನಾಲ್ಕು ದಿನ ಬಿಟ್ಟು ಮತ್ತೆ ಅದೇ. ಪಾಳಿಯ ದಾಖಲೆಯ ತುಂಬ ‘ರೀರನ್, ಸಕ್ಸಸ್’ ಎಂಬ ಎರಡೇ ಪದ. ಕಡೆಗೊಂದು ದಿನ ಕೆಟ್ಟ ರಾತ್ರಿಗಳ ಲಾಗ್‌ಗಳನ್ನಷ್ಟೇ ತೆಗೆದು ನೋಡ್ ಹೆಸರುಗಳನ್ನು ಬರೆದುಕೊಂಡೆ. ಎಲ್ಲವೂ ಮೂರನೆಯದೇ. ಮತ್ತೆ ಓಡಿಸಿದಾಗ ಕೆಲಸ ಬೇರೆ ನೋಡ್‌ಗೆ ಹೋಗಿ ಸರಿಹೋಗುತ್ತಿತ್ತು.

ಉಳಿದ ಮೂರರಲ್ಲಿದ್ದ, ಅಕ್ಷರಗಳನ್ನು ಯಾವ ಸಂಕೇತದಲ್ಲಿ ಓದಬೇಕೆಂದು ಹೇಳುವ ಎನ್‌ಎಲ್‌ಎಸ್_ಲ್ಯಾಂಗ್ ಎಂಬ ಒಂದು ಸಾಲು ಅಲ್ಲಿರಲಿಲ್ಲ. ಅದಿಲ್ಲದಿದ್ದರೆ ಡೇಟಾಬೇಸಿನ ಜೊತೆ ಮಾತಾಡುವ ಒರಾಕಲ್ ಕ್ಲೈಂಟ್, ಸಂಕೇತ ಇಂಗ್ಲಿಷಿಗಾಗಿ ಮಾಡಿದ ಏಳು ಬಿಟ್ಟಿನ ಆಸ್ಕಿ ಎಂದು ತಿಳಿದುಕೊಳ್ಳುತ್ತದೆ. ಅದರ 128 ಸಂಕೇತಗಳಲ್ಲಿ ಕನ್ನಡಕ್ಕೆ ಜಾಗವೆಲ್ಲಿ? ತಪ್ಪು ಸಾಫ್ಟ್‌ವೇರಿನದ್ದಲ್ಲ. ಯಾರೋ ಟರ್ಮಿನಲ್‌ನಲ್ಲಿ ಆ ಸಾಲನ್ನು ಕೈಯಾರೆ ಟೈಪಿಸಿ ಸರ್ವಿಸ್ ಶುರು ಮಾಡಿದ್ದರು. ಪ್ಯಾಚ್ ಹಾಕಿ ಸರ್ವರ್ ರೀಬೂಟ್ ಆದಾಗ, ಸರ್ವಿಸುಗಳನ್ನು ಶುರು ಮಾಡುವ ಸಿಸ್ಟಮ್‌ಡಿ ಸರ್ವಿಸನ್ನು ತಾನೇ ಎಬ್ಬಿಸಿತು. ಟೈಪಿಸಿದ್ದು ಗಾಳಿಗೆ ಹೋಯಿತು. ಯಾರೋ ಎಂದೆ. ನಾನೂ ರಾತ್ರಿ ಎರಡಕ್ಕೆ ಹಾಗೆ ಮಾಡಿದವನೇ, ಆ ಕೈ ನನ್ನದೇ ಇದ್ದರೂ ಆಶ್ಚರ್ಯವಿಲ್ಲ.

ನಮ್ಮೂರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು, ವಿಶ್ವವಿದ್ಯಾಲಯ ಮಾತ್ರ ಇಂದಿಗೂ ಗುಲ್ಬರ್ಗಾ. ನಾವು ಎರಡರಲ್ಲೂ ಬದುಕುತ್ತೇವೆ, ಆಟೋದವರು ಯಾವ ಹೆಸರು ಹೇಳಿದರೂ ಕರೆದೊಯ್ಯುತ್ತಾರೆ. ಗ್ರಿಡ್‌ಗೆ ಆ ಔದಾರ್ಯವಿಲ್ಲ. ಎಲ್ಲವೂ ಹಂಚಿಕೊಳ್ಳುವ ಡೈರೆಕ್ಟರಿ ಎಲ್ಲ ನೋಡ್‌ಗಳಲ್ಲೂ ಅದೇ ಹಾದಿಯಲ್ಲಿ ಸಿಗಬೇಕು. ಡೇಟಾಬೇಸುಗಳನ್ನು ತಲುಪಲು ಬೇಕಾದ ಒಡಿಬಿಸಿ ಹೆಸರುಗಳು, ಟಿಎನ್‌ಎಸ್ ನಮೂದುಗಳು, ಡೇಟಾಬೇಸ್ ಕ್ಲೈಂಟಿನ ಆವೃತ್ತಿ, ಅಕ್ಷರಗಳ ಸಂಕೇತ ಹೇಳುವ ಕೋಡ್ ಪೇಜ್, ಗಡಿಯಾರ ಕೂಡ ಒಂದೇ ಆಗಿರಬೇಕು. ಹಾಗೆಂದು ಒಂದು ಸರ್ವರಿನ ಫೋಲ್ಡರನ್ನು ಇಡಿಯಾಗಿ ಇನ್ನೊಂದಕ್ಕೆ ಸುರಿಯುವ ಅತಿ ಬುದ್ಧಿವಂತರೂ ಇದ್ದಾರೆ. ನೋಡ್‌ನ ಗುರುತಿನ ಕಡತವೂ ಜೊತೆಗೇ ಹೋಗುತ್ತದೆ, ಆಮೇಲೆ ಎರಡು ಸರ್ವರುಗಳು ತಾವೇ ಒಂದನೆಯವರೆಂದು ಹೇಳಿಕೊಳ್ಳುತ್ತವೆ. ಏನು ಒಂದೇ ಇರಬೇಕು, ಏನು ಇರಬಾರದು ಎಂಬುದನ್ನು ಬರೆದಿಡದ ತಂಡಕ್ಕೆ ನಾಲ್ಕು ಸರ್ವರುಗಳಿದ್ದರೂ ಗ್ರಿಡ್ ಇದೆ ಎಂದು ನಾನು ಒಪ್ಪುವುದಿಲ್ಲ.

ಈಗ ಸಂರಚನೆಯೆಲ್ಲ, ಪ್ರತಿ ಬದಲಾವಣೆಯ ಲೆಕ್ಕವಿಡುವ ಗಿಟ್‌ನಲ್ಲಿದೆ. ಆನ್ಸಿಬಲ್ ಎಂಬ ಸಾಧನ ಅದನ್ನು ನಾಲ್ಕಕ್ಕೂ ಹಚ್ಚುತ್ತದೆ, ಆ ಕಳೆದುಹೋದ ಸಾಲಿನಂಥ ಪರಿಸರದ ಸಾಲುಗಳು ಸರ್ವಿಸ್ ಫೈಲಿನಲ್ಲೇ ಕುಳಿತಿವೆ. ಸರ್ವರಿಗೆ ಲಾಗಿನ್ ಆಗಿ ಕೈಯಾಡಿಸುವಂತಿಲ್ಲ. ‘ಅರ್ಧ ನಿಮಿಷದ ಕೆಲಸಕ್ಕೆ ಅರ್ಧ ಗಂಟೆ’ ಎಂದು ಗೊಣಗುವವರಿದ್ದಾರೆ, ಗೊಣಗಲಿ. ದಿನವೂ ಬೆಳಿಗ್ಗೆ ಆನ್ಸಿಬಲನ್ನು, ಏನನ್ನೂ ಬದಲಿಸದೆ ವ್ಯತ್ಯಾಸವನ್ನಷ್ಟೇ ತೋರಿಸುವ ಚೆಕ್ ಮೋಡ್‌ನಲ್ಲಿ ಓಡಿಸಿ, ಯಾವ ನೋಡ್ ಎಲ್ಲಿ ದಾರಿ ತಪ್ಪಿದೆ ಎಂದು ನೋಡಿಯೇ ನಾನು ಚಹಾ ಕುಡಿಯುವುದು.

ಮೊನ್ನೆ ಎರಡನೇ ನೋಡ್‌ನಲ್ಲಿ ಒಂದು ಸಾಲು ಬೇರೆಯಾಗಿತ್ತು. ರಾತ್ರಿ ಪಾಳಿಯ ಹುಡುಗನಿಗೆ ಫೋನ್ ಮಾಡಿದೆ.

“ಸರ್, ಅದು ತಾತ್ಕಾಲಿಕ” ಎಂದ.