ಸಂತರ ರಜೆ, ಸಂಶೋಧಕರ ಸಜೆ

ಹಳೆಯ ಕಾಗದಪತ್ರ ಕಾಪಿಡುವ ಪತ್ರಾಗಾರಗಳಲ್ಲಿ ಕೂತು ಓದಲು ಇತಿಹಾಸದ ವಿದ್ಯಾರ್ಥಿಗಳು ಇಟಲಿಗೆ ಹೋಗುವುದು ಬೇಸಿಗೆಯಲ್ಲಿ. ಆಗ ವಿಶ್ವವಿದ್ಯಾಲಯಕ್ಕೆ ರಜೆ. ತೊಂದರೆ ಏನೆಂದರೆ ಇಟಲಿಗೂ ಆಗಲೇ ರಜೆ.

ಜೂನ್ 2 ಗಣರಾಜ್ಯ ದಿನ. ಅದು ಕ್ಯಾಲೆಂಡರಿನಲ್ಲಿ ಕೆಂಪಗೆ ಕಾಣುತ್ತದೆ, ಯಾರೂ ಮೋಸ ಹೋಗುವುದಿಲ್ಲ. ಮೋಸ ಮಾಡುವುದು ಊರಹಬ್ಬ. ಪ್ರತಿ ಊರಿಗೂ ಒಬ್ಬ ಸಂತ, ಆ ಸಂತನಿಗೊಂದು ದಿನ, ಆ ದಿನ ಆ ಊರಿನ ಕಚೇರಿಗಳಿಗೆ ಬೀಗ. ಜೂನ್ 24 ಸಂತ ಜೊವಾನ್ನಿಯದು. ಫ್ಲಾರೆನ್ಸ್ ಬಾಗಿಲು ಹಾಕುತ್ತದೆ. ಜಾಣ ವಿದ್ಯಾರ್ಥಿ ಒಂದು ದಿನವೂ ಹಾಳಾಗಬಾರದೆಂದು ಜಿನೋವಾಕ್ಕೆ ಓಡಿದರೆ, ಅಲ್ಲಿಯ ಸಂತನೂ ಅವನೇ. ಟ್ಯೂರಿನ್ನಿಗೂ ಅವನೇ. ಸುಧಾರಿಸಿಕೊಂಡು ರೋಮ್ ತಲುಪುವ ಹೊತ್ತಿಗೆ ಜೂನ್ 29, ಸಂತ ಪೀಟರ್ ಮತ್ತು ಪಾಲ್. ಜುಲೈ 15ಕ್ಕೆ ಪಲೆರ್ಮೋದಲ್ಲಿ ಸಾಂತಾ ರೊಸಾಲಿಯಾ. ಆಗಸ್ಟ್ 15 ಫೆರ್ರಾಗೋಸ್ತೊ. ಅದರ ಹಿಂದೆ ಮುಂದೆ ಅರ್ಧ ದೇಶವೇ ಸಮುದ್ರದ ದಂಡೆಯಲ್ಲಿ ಮಲಗಿರುತ್ತದೆ. ಬಾಗಿಲ ಮೇಲಿನ ಚೀಟಿಯಲ್ಲಿ 'ಕ್ಯೂಸೊ' ಎಂದಿದ್ದರೆ ಕ್ಯೂ ನಿಲ್ಲಬೇಡಿ, ಮುಚ್ಚಿದೆ ಎಂದರ್ಥ. ಈ ಆಗಸ್ಟ್ ರಜೆಯ ಮೂಲ ಚಕ್ರವರ್ತಿ ಆಗಸ್ಟಸ್, ಕ್ರಿ.ಪೂ. 18. ಇತಿಹಾಸ ಓದುವವರು ಯಾರ ಮೇಲೆ ದೂರು ಕೊಡುವುದು?

ವ್ಯಾಟಿಕನ್ ಪತ್ರಾಗಾರದ್ದು ಇನ್ನೂ ದೊಡ್ಡ ಕೈ. ಸುಮಾರು 85 ಕಿಲೋಮೀಟರ್ ಕಪಾಟು, ಅಂದರೆ ಬೆಂಗಳೂರಿನಿಂದ ಮದ್ದೂರಿನವರೆಗೂ ಬರೀ ಕಾಗದ. 2019ರಲ್ಲಿ ಪೋಪ್ ಅದರ ಹೆಸರಿನಿಂದ 'ರಹಸ್ಯ' ಎಂಬ ಪದವನ್ನು ತೆಗೆಸಿದರು. ಬೇಸಿಗೆಯ ಬೀಗ ಮಾತ್ರ ಹಾಗೇ ಇದೆ: ಜುಲೈ ನಡುವಿಗೆ ಮುಚ್ಚಿದರೆ ಮತ್ತೆ ತೆರೆಯುವುದು ಸೆಪ್ಟೆಂಬರಿನಲ್ಲಿ. ಆದ್ದರಿಂದ ವ್ಯಾಟಿಕನ್ ಕೆಲಸ ಜೂನಿಗೇ ಇಟ್ಟುಕೊಳ್ಳಿ.

ಬಾಗಿಲು ತೆರೆದಿತ್ತು ಅನ್ನಿ. ಚೀಲ ಲಾಕರಿಗೆ, ಪೆನ್ನು ಚೀಲಕ್ಕೆ, ಕೈಗೆ ಪೆನ್ಸಿಲ್. ಇಟಲಿಯ ಸರ್ಕಾರಿ ಪತ್ರಾಗಾರಗಳಲ್ಲಿ 2017ರ ಕಾನೂನಿನಿಂದಾಗಿ ನಿಮ್ಮ ಮೊಬೈಲಿನಲ್ಲಿ ಫೋಟೊ ತೆಗೆಯಲು ಕಾಸಿಲ್ಲ. ಫ್ಲ್ಯಾಶ್ ಮಾತ್ರ ಹಾಕುವಂತಿಲ್ಲ. ಕಾಸಿಲ್ಲ ಎಂದ ಕೂಡಲೇ ಅನಾಹುತ ಶುರು. ಮೂರು ವಾರದಲ್ಲಿ ನಾಲ್ಕು ಸಾವಿರ ಫೋಟೊ, ಯಾವ ಪುಟ ಯಾವ ಕಟ್ಟಿನದೆಂದು ದೇವರಿಗೇ ಗೊತ್ತು. ಪ್ರತಿ ಕಟ್ಟು ಬಿಚ್ಚಿದಾಗಲೂ ಮೊದಲ ಫೋಟೊ ಅದರ ಬೆನ್ನಿನ ಚೀಟಿಯದಾಗಿರಬೇಕು: ಸಂಗ್ರಹದ ಹೆಸರು, ಕಟ್ಟಿನ ಸಂಖ್ಯೆ. ಆಮೇಲೆ ಹಾಳೆಯ ಸಂಖ್ಯೆ ಕಾಣುವಂತೆ ಒಂದೊಂದೇ ಪುಟ. ಇಲ್ಲದಿದ್ದರೆ ಅಡಿಟಿಪ್ಪಣಿಯಲ್ಲಿ 'ಫ್ಲಾರೆನ್ಸ್, ಕಂದು ರಟ್ಟು, ಕಿಟಕಿ ಪಕ್ಕದ ಮೇಜು' ಎಂದು ಬರೆಯಬೇಕಾದೀತು.

ಈಗ ಅಸಲಿ ಗುಂಡಿ, ತಾರೀಖು. ಹಳೆಯ ಫ್ಲಾರೆನ್ಸಿನಲ್ಲಿ ವರ್ಷ ಬದಲಾಗುತ್ತಿದ್ದುದು ಜನವರಿ 1ಕ್ಕಲ್ಲ, ಮಾರ್ಚ್ 25ಕ್ಕೆ. ಈ ಪದ್ಧತಿ ಹದಿನೆಂಟನೆಯ ಶತಮಾನದ ನಡುವಿನವರೆಗೂ ನಡೆಯಿತು. ಒಂದು ದಫ್ತರಿನಲ್ಲಿ 1491ರ ಏಪ್ರಿಲ್‌ನಲ್ಲಿ ಮದುವೆ, 1491ರ ಫೆಬ್ರವರಿಯಲ್ಲಿ ಮಗುವಿನ ದೀಕ್ಷಾಸ್ನಾನ ಇದ್ದರೆ, ಅವಸರದ ವಿದ್ಯಾರ್ಥಿ ಆ ಮನೆತನದ ಮೇಲೆ ಹಗರಣದ ಅಧ್ಯಾಯವೊಂದನ್ನು ಬರೆದೇಬಿಡುತ್ತಾನೆ. ಪಾಪ, ಆ ದಂಪತಿಯದು ಹತ್ತು ತಿಂಗಳ ಮರ್ಯಾದಸ್ಥ ಸಂಸಾರ. ಆ ಫೆಬ್ರವರಿ ನಮ್ಮ ಲೆಕ್ಕಕ್ಕೆ 1492. ಜನವರಿ 1ರಿಂದ ಮಾರ್ಚ್ 24ರವರೆಗಿನ ತಾರೀಖನ್ನು 1491/92 ಎಂದೇ ಗುರುತು ಹಾಕಿಕೊಳ್ಳಿ. ಪೀಸಾದವರೂ ಮಾರ್ಚ್ 25ಕ್ಕೇ ವರ್ಷ ಶುರು ಮಾಡುತ್ತಿದ್ದರು, ಆದರೆ ಫ್ಲಾರೆನ್ಸಿಗಿಂತ ಒಂದು ವರ್ಷ ಮುಂದೆ. ಇಂದು ಆ ಎರಡು ಊರಿನ ನಡುವೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಹಳೆಯ ಕಾಗದದಲ್ಲಿ ಒಂದು ವರ್ಷ. ವೆನಿಸ್‌ನಲ್ಲಿ ಹೊಸ ವರ್ಷ ಮಾರ್ಚ್ 1ಕ್ಕೆ. ನಮ್ಮ ಶಾಸನಗಳಲ್ಲಿ ಶಕವರ್ಷ ಗತವೋ ವರ್ತಮಾನವೋ ಎಂದು ತಲೆ ಕೆರೆದುಕೊಂಡವರಿಗೆ ಇದು ಪರಿಚಿತ ತಲೆನೋವೇ.

ತಿಂಗಳೂ ಕಡಿಮೆ ತುಂಟನಲ್ಲ. ಗುಮಾಸ್ತರು '7ಬ್ರೆ' ಎಂದು ಗೀಚಿದ್ದರೆ ಏಳನೆಯ ತಿಂಗಳಲ್ಲ, ಸೆತ್ತೆಂಬ್ರೆ, ಸೆಪ್ಟೆಂಬರ್. '8ಬ್ರೆ' ಅಕ್ಟೋಬರ್. ಗಂಟೆಯನ್ನು ಸೂರ್ಯ ಮುಳುಗಿದಾಗಿನಿಂದ ಎಣಿಸುತ್ತಿದ್ದರು. 'ರಾತ್ರಿ 3 ಗಂಟೆಗೆ ಅತಿಥಿಗಳು ಬಂದರು' ಎಂದಿದ್ದರೆ ಅವರು ಕಳ್ಳರಲ್ಲ, ಊಟಕ್ಕೆ ಕೊಂಚ ತಡವಾಗಿ ಬಂದವರು. ನಂಬಿಕೆ ಬಾರದಿದ್ದರೆ ಫ್ಲಾರೆನ್ಸಿನ ದೊಡ್ಡ ಚರ್ಚಿನೊಳಗೆ ಬಾಗಿಲ ಮೇಲೆ ನೋಡಿ. ಪಾವೊಲೊ ಉಚ್ಚೆಲ್ಲೊ 1443ರಲ್ಲಿ ಬಣ್ಣ ಬಳಿದ ಗಡಿಯಾರಕ್ಕೆ 24 ಅಂಕಿ, ಒಂದೇ ಮುಳ್ಳು, ಅದೂ ಅಪ್ರದಕ್ಷಿಣೆ. ಅದನ್ನು ನೋಡಿ ರೈಲು ಹಿಡಿಯಲು ಹೊರಡಬೇಡಿ.

ಇವತ್ತಿನ ಅಂಕಿಗಳಾದರೂ ನೆಟ್ಟಗಿವೆಯೇ? ಫ್ಲಾರೆನ್ಸಿನ ಹಳೆ ಬೀದಿಗಳಲ್ಲಿ ಅಂಗಡಿಗಳಿಗೆ ಕೆಂಪು ಅಂಕಿ, ಮನೆಗಳಿಗೆ ಕಪ್ಪೋ ನೀಲಿಯೋ. ಎರಡೂ ಬೇರೆ ಬೇರೆ ಸಾಲು. ಕೆಂಪು 40ರ ಹೋಟೆಲ್ ಹುಡುಕುತ್ತ ಕಪ್ಪು 40ರ ಕರೆಗಂಟೆ ಒತ್ತಿದರೆ ಯಾರೋ ಅಜ್ಜಿಯ ಮಧ್ಯಾಹ್ನದ ನಿದ್ದೆ ಕೆಡುತ್ತದೆ. ವೆನಿಸ್‌ನಲ್ಲಿ ಸಂಖ್ಯೆ ಬೀದಿಗಲ್ಲ, ಇಡೀ ಬಡಾವಣೆಗೆ. ಅಲ್ಲಿಯ ಪತ್ರಾಗಾರದ ವಿಳಾಸ ಸಾನ್ ಪೋಲೊ 3002. 3001ರ ಪಕ್ಕದಲ್ಲೇ ಇರುತ್ತದೆಂದು ಲೆಕ್ಕ ಹಾಕಿ ಹೊರಟವರು ಕಾಲುವೆಯ ಮುಂದೆ ನಿಂತು ಯೋಚಿಸುತ್ತಾರೆ.

ಸ್ನಾನದ ಮನೆಯಲ್ಲಿ 'ಸಿ' ಎಂದು ಬರೆದ ನಲ್ಲಿ ಇಂಗ್ಲಿಷಿನ ಕೋಲ್ಡ್ ಅಲ್ಲ, 'ಕಾಲ್ದೊ', ಬಿಸಿ. ಇದನ್ನು ಎಲ್ಲರೂ ಒಂದೇ ಸಲ ಕಲಿಯುತ್ತಾರೆ.

ಹೊಟ್ಟೆಯ ವಿಷಯ. ಕಾಫಿಗೆ ಬಹಳಷ್ಟು ಕಡೆ ನಮ್ಮ ದರ್ಶಿನಿಯದೇ ಕ್ರಮ: ಮೊದಲು ದುಡ್ಡು, ಆಮೇಲೆ ಚೀಟಿ ತೋರಿಸಿ ನಿಂತೇ ಕುಡಿಯುವುದು. ಕೂತರೆ ಬೆಲೆಯೂ ಏರುತ್ತದೆ. 'ಲಾತ್ತೆ' ಎಂದರೆ ಬರೀ ಹಾಲು ಬರುತ್ತದೆ. ಸಸ್ಯಾಹಾರಿಗಳು 'ಮರಿನಾರಾ' ಪಿಜ್ಜಾದ ಹೆಸರು ಕೇಳಿ ಮೀನೆಂದು ಹೆದರಬಾರದು. ಅದರಲ್ಲಿ ಇರುವುದು ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಅಷ್ಟೇ. 'ಪೆಪೆರೋನಿ' ಕೂಡ ಅಲ್ಲಿ ಮಾಂಸವಲ್ಲ, ದಪ್ಪ ಮೆಣಸಿನಕಾಯಿ. ಹೆದರಬೇಕಾದ್ದು ಪಾಪದ ಮುಖದ ಪಾರ್ಮಿಜಾನೊ ಚೀಸಿಗೆ: ಅದರ ಹಾಲು ಒಡೆಸುವುದು ಕರುವಿನ ಜಠರದ ರೆನೆಟ್‌ನಿಂದ. ಟಸ್ಕನಿಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಅಮ್ಮ ಬಲವಂತವಾಗಿ ತುರುಕಿದ ಉಪ್ಪಿನಕಾಯಿ ಬಾಟಲಿಗೆ ಅರ್ಥ ಬರುವುದು ಅಲ್ಲಿ.

ಪತ್ರಾಗಾರಗಳೆಲ್ಲ ಮುಚ್ಚಿ, ವಾಪಸ್ ಟಿಕೆಟ್ಟಿಗೆ ಇನ್ನೂ ವಾರ ಉಳಿದಿದ್ದರೆ, ಕನ್ನಡಿಗರಿಗೆ ರೋಮಿನಲ್ಲಿ ಒಬ್ಬ ನೆಂಟನಿದ್ದಾನೆ. ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಗೆ ಬಂದು ಕೆಳದಿಯ ದೊರೆ ವೆಂಕಟಪ್ಪ ನಾಯಕನ ದರ್ಬಾರು ನೋಡಿದವನು. ಮರಳ ಮೇಲೆ ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದ ನಮ್ಮ ಹುಡುಗರ ಬಗ್ಗೆ ಬರೆದಿಟ್ಟವನು. ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿ ಮಾಆನಿಯ ದೇಹವನ್ನು ವರ್ಷಗಟ್ಟಲೆ ಜತೆಗೆ ಹೊತ್ತು ತಂದು ಅರಾಚೇಲಿ ಚರ್ಚಿನಲ್ಲಿ ಮಣ್ಣು ಮಾಡಿದ. ಅವನೂ ಅಲ್ಲೇ ಇದ್ದಾನೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಳ್ಳಿ, ನಲ್ಲಿಯಿಂದ ಬಾಟಲಿಗೆ ನೀರು ತುಂಬಿಸಿಕೊಳ್ಳಿ. ಮುಂಬಾಗಿಲಿಗೆ 124 ಮೆಟ್ಟಿಲು. ಪಕ್ಕದ ಕಂಪಿದೋಲ್ಯೊ ಚೌಕದ ಕಡೆಯಿಂದ ಕಡಿಮೆ ಮೆಟ್ಟಿಲಿನ ದಾರಿಯೊಂದಿದೆ. ಅದು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಇಳಿಯುವಾಗ.