ರೂಪಾಯಿಗೆ ಬೆಲೆ ಕೊಡುವುದು ಚಿನ್ನವಲ್ಲ

ಮೊನ್ನೆ ಭಾನುವಾರ ಡೊಂಬಿವಲಿಯ ಕನ್ನಡಿಗರ ಸಭೆಯೊಂದರಲ್ಲಿ, ಹೂಡಿಕೆಯ ಬಗ್ಗೆ ಮಾತನಾಡಲು ಬಂದಿದ್ದ ಯುವಕನೊಬ್ಬ, ಪಿಂಚಣಿಯನ್ನೇ ನೆಚ್ಚಿ ಬದುಕುವ ಹಿರಿಯರ ಎದುರು 500 ರೂಪಾಯಿಯ ನೋಟನ್ನು ಎತ್ತಿ ಹಿಡಿದು, "ಇದು ಬರೀ ಕಾಗದ, ಇದರ ಹಿಂದೆ ಚಿನ್ನವಿಲ್ಲ, ಆದ್ದರಿಂದ ಇದಕ್ಕೆ ಬೆಲೆಯೂ ಇಲ್ಲ" ಎಂದ. ಸಭೆ ತಲೆದೂಗಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಮುಂಬಯಿಯ ಫೋರ್ಟ್‌ನ ಬ್ಯಾಂಕೊಂದರ ಕೌಂಟರಿನ ಹಿಂದೆ ನಾನು ಆಯುಷ್ಯ ಸವೆಸಿದ್ದು ನಿಮಗೆಲ್ಲ ಗೊತ್ತೇ ಇದೆ. ಬೆವರು ಸುರಿಸಿ ಕೂಡಿಟ್ಟವರ ಹಣವನ್ನು ಅವರ ಎದುರಿನಲ್ಲೇ ಹೀಗಳೆಯುವುದನ್ನು ನಾನು ಸಹಿಸಲಾರೆ.

ಚಿನ್ನಕ್ಕೆ ಕಟ್ಟಿಹಾಕಿದ ರೂಪಾಯಿಯನ್ನೂ ಈ ಮುಂಬಯಿ ಕಂಡಿದೆ. 1927ರ ಕಾಯ್ದೆ, ಚಿನ್ನಕ್ಕೆ ಕಟ್ಟಿದ್ದ ಬ್ರಿಟಿಷ್ ಹಣದಲ್ಲಿ ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್‌ನ ದರವನ್ನು ನಿಗದಿ ಮಾಡಿತು. ಆ ದರ ಹೆಚ್ಚಾಯಿತು, 1 ಶಿಲಿಂಗ್ 4 ಪೆನ್ಸೇ ಸರಿಯೆಂದು ಇಲ್ಲಿನ ಉದ್ಯಮಿ ಪುರುಷೋತ್ತಮದಾಸ್ ಠಾಕೂರ್‌ದಾಸ್, ಹಣದ ವ್ಯವಸ್ಥೆಯ ಕುರಿತು ಸರ್ಕಾರ ನೇಮಿಸಿದ್ದ ಆಯೋಗದ ಒಳಗಿದ್ದುಕೊಂಡೇ ಭಿನ್ನಮತ ದಾಖಲಿಸಿದರೂ ಸರ್ಕಾರ ಕಿವಿಗೊಡಲಿಲ್ಲ. 1929ರ ನಂತರ ಬೆಲೆಗಳು ಕುಸಿಯತೊಡಗಿದಾಗ, ಆ ದರವನ್ನು ಉಳಿಸುವ ಹಟಕ್ಕಾಗಿ ಚಲಾವಣೆಯ ಹಣವನ್ನೇ ಕುಗ್ಗಿಸಲಾಯಿತು. ಬೆಳೆಗೆ ಬೆಲೆ ಇಲ್ಲವಾದರೂ ರೈತನ ಸಾಲ ಮತ್ತು ಕಂದಾಯ ಇದ್ದಷ್ಟೇ ಇದ್ದವು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ತಾನೇ ಚಿನ್ನವನ್ನು ಕೈಬಿಟ್ಟಿತು. ಆಮೇಲೆ, ದಿಕ್ಕುಗಾಣದೆ ಹಳ್ಳಿಗರು ಮಾರಿದ ಒಡವೆಗಳ ಚಿನ್ನ ಇದೇ ಬಂದರಿನಿಂದ ಹಡಗೇರಿ ಹೋಯಿತು. ಚಿನ್ನ ಕಾಪಾಡಿದ್ದು ದರವನ್ನು, ಜನರನ್ನಲ್ಲ.

ಚಿನ್ನವಿಲ್ಲದ ಹಣ ಎಂದೂ ನೋಯಿಸಿಲ್ಲವೆಂದು ನಾನು ಹೇಳುತ್ತಿಲ್ಲ. ನಮ್ಮ ತಂದೆ ಮಾಟುಂಗಾದ ಹೋಟೆಲೊಂದರಲ್ಲಿ ದುಡಿದು ಊರಿಗೆ ಮನಿಯಾರ್ಡರ್ ಕಳುಹಿಸುತ್ತಿದ್ದರು. 1974ರಲ್ಲಿ ಬೆಲೆಗಳು ವರ್ಷಕ್ಕೆ ಶೇ. 20ಕ್ಕೂ ಮಿಕ್ಕಿ ಏರಿದಾಗ ಮನಿಯಾರ್ಡರಿನ ಮೊತ್ತ ಅಷ್ಟೇ ಇತ್ತು, ಅದರಿಂದ ಮನೆಗೆ ಬರುವ ಅಕ್ಕಿ ಕಡಿಮೆಯಾಯಿತು. ಅಮ್ಮ ನಮಗೆ ಬಡಿಸಿ ತಾನು ಉಣ್ಣದೆ ಮಲಗುತ್ತಿದ್ದುದನ್ನು ನಾನು ಇದುವರೆಗೆ ಎಲ್ಲಿಯೂ ಬರೆದಿರಲಿಲ್ಲ. ಆದರೆ ಅದರ ಹಿಂದೆ ಬರವಿತ್ತು, 1973ರ ತೈಲದ ಬೆಲೆಯೇರಿಕೆಯಿತ್ತು. ರಿಸರ್ವ್ ಬ್ಯಾಂಕಿನ ತಿಜೋರಿಯಲ್ಲಿ ಎಷ್ಟು ಚಿನ್ನವಿದ್ದರೂ ಗದ್ದೆಯಲ್ಲಿ ಭತ್ತ ಬೆಳೆಯುತ್ತಿರಲಿಲ್ಲ. ದೇಶ ಬೆಳೆಯುವ ಮತ್ತು ತಯಾರಿಸುವ ವಸ್ತುಗಳು, ತೆರಿಗೆಯನ್ನು ಇದೇ ಹಣದಲ್ಲಿ ಕಟ್ಟಬೇಕೆಂಬ ನಿಯಮ, ನೋಟು ಹೊರಡಿಸುವವರ ಸಂಯಮ, ಇವೇ ರೂಪಾಯಿಗೆ ಬೆಲೆ ಕೊಡುತ್ತವೆ, ಇವೇ ಕೊಡಬೇಕು.

ಚಿನ್ನದ ಕಟ್ಟು ಇಲ್ಲದಿದ್ದರೆ ಸರ್ಕಾರ ಮನಬಂದಂತೆ ನೋಟು ಅಚ್ಚು ಹಾಕುತ್ತದೆ ಎಂಬ ಆಕ್ಷೇಪವಿದೆ. ಈ ಭಯ ಹೊಸದಲ್ಲ. ರೂಪಾಯಿಯ ಸಮಸ್ಯೆಯ ಕುರಿತು 1923ರಲ್ಲಿ ಬರೆದ ಅಂಬೇಡ್ಕರರಿಗೂ ಇದೇ ಭಯವಿತ್ತು, ಆದ್ದರಿಂದಲೇ ಅವರು ನೋಟು-ನಾಣ್ಯಗಳ ಹೊರಡಿಸುವಿಕೆಗೆ ಮಿತಿ ಬೇಕೆಂದರು. ಆದರೆ ಸ್ಥಿರವಾಗಿರಬೇಕಾದದ್ದು ರೂಪಾಯಿಯ ಕೊಳ್ಳುವ ಶಕ್ತಿ ಎಂದು ಒತ್ತಿ ಹೇಳಿದವರೂ ಅವರೇ. ಮಿತಿಯನ್ನು ಲೋಹವೇ ಹಾಕಬೇಕಾಗಿಲ್ಲ, ಕಾನೂನೂ ಒಪ್ಪಂದವೂ ಹಾಕಬಲ್ಲವು. ಕೇಂದ್ರದ ಕೊರತೆಯನ್ನು ರಿಸರ್ವ್ ಬ್ಯಾಂಕ್ ತಂತಾನೇ ತುಂಬಿಕೊಡುತ್ತಿದ್ದ ಅಡ್‌ಹಾಕ್ ಖಜಾನೆ ಹುಂಡಿಗಳ (ಸರ್ಕಾರದ ಅಲ್ಪಾವಧಿ ಸಾಲಪತ್ರಗಳ) ಪದ್ಧತಿಯನ್ನು 1997ರಲ್ಲಿ ನಿಲ್ಲಿಸಿದ್ದು ಚಿನ್ನವಲ್ಲ, ಸರ್ಕಾರ ಮತ್ತು ಬ್ಯಾಂಕಿನ ನಡುವಿನ ಒಪ್ಪಂದ.

ಪ್ರಶ್ನೆ ಕೇಳಬೇಕಾದ ಜಾಗ ಬೇರೆಯೇ ಇದೆ. 2016ರಿಂದ ಹಣದುಬ್ಬರಕ್ಕೆ ಶೇ. 4ರ ಗುರಿಯಿದೆ, ಶೇ. 2ರಿಂದ 6ರವರೆಗಿನ ಮಿತಿಯಿದೆ. ಸತತ ಮೂರು ತ್ರೈಮಾಸಿಕಗಳಲ್ಲಿ ಮಿತಿ ತಪ್ಪಿದರೆ ರಿಸರ್ವ್ ಬ್ಯಾಂಕ್ ಕಾರಣವನ್ನು ಸರ್ಕಾರಕ್ಕೆ ಬರೆದು ತಿಳಿಸಬೇಕು. 2022ರಲ್ಲಿ ಹಾಗೆ ತಪ್ಪಿತು, ಪತ್ರವೂ ಹೋಯಿತು, ಆದರೆ ಅದನ್ನು ಆಗ ಪ್ರಕಟಿಸಲಿಲ್ಲ. ಆ ಮೂರು ತ್ರೈಮಾಸಿಕಗಳಲ್ಲಿ ಪಿಂಚಣಿಯ ಬೆಲೆ ಕರಗಿದ್ದು ಡೊಂಬಿವಲಿಯ ಆ ಸಭೆಯಲ್ಲಿ ಕುಳಿತಿದ್ದವರದು, ಅವರಿಗೇ ಕಾರಣ ತಿಳಿಯಬಾರದೇಕೆ? ಮುಂದೆ ಇಂತಹ ಪತ್ರ ಬರೆಯುವ ಸಂದರ್ಭ ಬಂದರೆ, ಅದನ್ನು ಅದೇ ದಿನ ಜನರ ಮುಂದಿಡಬೇಕೆಂದು ರಿಸರ್ವ್ ಬ್ಯಾಂಕ್ ಕಾಯ್ದೆಯಲ್ಲೇ ಒಂದು ಸಾಲು ಸೇರಿಸಬೇಕು.